ಮತದಾನದ ದಿನದ ರಜೆ ಯಾರದು?

(ರಾಷ್ಟ್ರೀಯ ಮತದಾರರ ದಿನಾಚರಣೆಯ ಅಂಗವಾಗಿ ಪದವಿ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ಇಡೀ ರಾಜ್ಯವನ್ನು ಬೆರಗುಗೊಳಿಸಿತು. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಂದದ್ದು 40,752 ಮತ. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಗೆಲುವಿಗೂ ಸೋಲಿಗೂ ನಡುವೆ ಇದ್ದದ್ದು ಒಂದೇ ಒಂದು ಮತ. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೆ ಮತದಾನದ ದಿನ ಕೆಲಸದಿಂದ ಬಿಡುವು ಸಿಗದೆ ಮತ ಹಾಕಲು ಆಗಿರಲಿಲ್ಲ ಎಂಬ ಸಂಗತಿಯೂ ಪತ್ರಿಕೆಗಳಲ್ಲಿ ಬಂತು. ‘ನಿಮ್ಮ ಒಂದು ಮತಕ್ಕೆ ಎಷ್ಟು ಬೆಲೆ ನೋಡಿ’ ಎಂದು ಹೇಳಬೇಕಾದಾಗಲೆಲ್ಲ ಭಾಷಣಕಾರರು ಈ ಪ್ರಸಂಗವನ್ನು ಎತ್ತಿಕೊಳ್ಳುತ್ತಾರೆ.

ನಾನು ಇಂದು ಅದನ್ನು ಬೇರೊಂದು ಕಾರಣಕ್ಕೆ ಎತ್ತಿಕೊಂಡಿದ್ದೇನೆ. ಆ ಚಾಲಕ ಯಾರಿಗೆ ಮತ ಹಾಕುತ್ತಿದ್ದರು ಎಂಬುದು ಅವರ ಗುಟ್ಟು. ಅದು ಗುಟ್ಟಾಗಿಯೇ ಇರಬೇಕು. ಆದರೆ ಅಂದು ಅವರಿಗೆ ರಜೆ ಇರಲಿಲ್ಲವೇ? ಇರಬೇಕಾಗಿತ್ತಲ್ಲವೇ? ಮತದಾನದ ದಿನ ಕಚೇರಿಗಳಿಗೆ, ಬ್ಯಾಂಕುಗಳಿಗೆ, ಶಾಲಾ ಕಾಲೇಜುಗಳಿಗೆ ಬೀಗ ಬೀಳುತ್ತದೆ. ನಾಡಿಗೆಲ್ಲ ರಜೆ ಎನ್ನುತ್ತೇವೆ. ಹಾಗಿದ್ದರೆ ಕಾರು ಓಡಿಸುತ್ತಿದ್ದವರು ಯಾರು, ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದವರು ಯಾರು, ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದವರು ಯಾರು?

ಮತದಾನದ ದಿನ ರಜೆ ಕೊಡಬೇಕೇ ಬೇಡವೇ ಎಂಬ ಚರ್ಚೆ ಪ್ರತಿ ಚುನಾವಣೆಯಲ್ಲೂ ಏಳುತ್ತದೆ. ‘ರಜೆ ಕೊಟ್ಟರೆ ಜನ ಪ್ರವಾಸ ಹೋಗುತ್ತಾರೆ, ರಜೆಯೇ ಬೇಡ’ ಎನ್ನುವವರಿದ್ದಾರೆ. ‘ರಜೆ ಇಲ್ಲದಿದ್ದರೆ ಬಡವ ಮತ ಹಾಕುವುದು ಹೇಗೆ’ ಎಂದು ಕೇಳುವವರಿದ್ದಾರೆ. ಈ ವಾದ ವಿವಾದದಲ್ಲಿ ಒಂದು ಮಾತು ಮರೆತುಹೋಗಿದೆ. ನಮ್ಮ ದೇಶದಲ್ಲಿ ಈ ರಜೆ ಸರ್ಕಾರದ ಕೊಡುಗೆಯೂ ಅಲ್ಲ, ಮಾಲೀಕರ ಔದಾರ್ಯವೂ ಅಲ್ಲ. ಅದು ದುಡಿಯುವವರ ಕಾನೂನುಬದ್ಧ ಹಕ್ಕು, ಅದೂ ಕೂಲಿ ಕಡಿತವಿಲ್ಲದ ಹಕ್ಕು. ಆ ಹಕ್ಕು ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ತಲುಪುತ್ತಿದೆ ಎಂಬುದಷ್ಟೇ ನನ್ನ ಇಂದಿನ ಮಾತಿನ ತಿರುಳು.

ದಸರೆ, ಸಂತೆ ಮತ್ತು ಹಿಮ

ಮತ ಹಾಕುವ ದಿನವನ್ನು ಆರಿಸುವುದು ಎಂದೂ ಬರೀ ಪಂಚಾಂಗದ ಕೆಲಸವಾಗಿರಲಿಲ್ಲ. ಜನ ಯಾವಾಗ ಬಿಡುವಾಗಿರುತ್ತಾರೆ, ಯಾವಾಗ ಒಂದೆಡೆ ಸೇರಬಲ್ಲರು ಎಂಬ ಲೆಕ್ಕ ಅದರ ಹಿಂದೆ ಇರುತ್ತದೆ.

ನಮ್ಮ ಮೈಸೂರನ್ನೇ ನೋಡಿ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ. ಅದು ದಸರೆಯ ಸಮಯ. ಮುಂದೆಯೂ ವರ್ಷ ವರ್ಷ ಸಭೆ ದಸರೆಯ ಹೊತ್ತಿಗೇ ಸೇರುವ ವಾಡಿಕೆ ಬೆಳೆಯಿತು. ಸಂಸ್ಥಾನದ ನಾಲ್ಕು ಕಡೆಯಿಂದ ಜಮೀನುದಾರರು, ವರ್ತಕರು ಹಬ್ಬಕ್ಕೆಂದು ರಾಜಧಾನಿಗೆ ಬಂದಿರುತ್ತಿದ್ದ ಕಾಲ ಅದು. ಹಬ್ಬದ ಬಿಡುವು ರಾಜ್ಯದ ಕೆಲಸಕ್ಕೂ ಒದಗಿತು. ಆದರೆ ಅಂಥ ಬಿಡುವು ಇದ್ದದ್ದು ಉಳ್ಳವರಿಗೆ ಮಾತ್ರ. 1891ರ ನಂತರ ಚುನಾವಣೆಯ ಮೂಲಕ ಸದಸ್ಯರು ಬರತೊಡಗಿದರೂ ಮತ ಹಾಕುವ ಅರ್ಹತೆ ಆಸ್ತಿ, ಕಂದಾಯ, ವಿದ್ಯೆಗಳಿಗೆ ಅಂಟಿಕೊಂಡಿತ್ತು. ಕೂಲಿಕಾರನಿಗೆ ರಜೆ ಕೊಡಬೇಕೇ ಎಂಬ ಪ್ರಶ್ನೆಯೇ ಆಗ ಏಳಲಿಲ್ಲ. ಏಕೆಂದರೆ ಅವನಿಗೆ ಮತವೇ ಇರಲಿಲ್ಲ.

ಅಮೆರಿಕದ ಕಥೆಯೂ ಇಂಥದೇ. ಅಲ್ಲಿ ಅಧ್ಯಕ್ಷೀಯ ಚುನಾವಣೆ ನವೆಂಬರಿನ ಮೊದಲ ಸೋಮವಾರದ ಮರುದಿನದ ಮಂಗಳವಾರವೇ ನಡೆಯಬೇಕೆಂದು 1845ರ ಕಾನೂನು ಹೇಳುತ್ತದೆ. ಅಂದು ಅದು ಬೇಸಾಯಗಾರರ ದೇಶ. ನವೆಂಬರಿಗೆ ಕೊಯ್ಲು ಮುಗಿದಿರುತ್ತದೆ, ಕಡುಚಳಿ ಇನ್ನೂ ಬಂದಿರುವುದಿಲ್ಲ. ಭಾನುವಾರ ಚರ್ಚಿಗೆ ಹೋಗಬೇಕು. ಸೋಮವಾರ ಕುದುರೆ ಗಾಡಿ ಕಟ್ಟಿಕೊಂಡು ಹೊರಟರೆ ಮಂಗಳವಾರ ತಾಲ್ಲೂಕು ಕೇಂದ್ರದಂಥ ಊರಿಗೆ ತಲುಪಬಹುದು. ಬುಧವಾರ ಹಲವೆಡೆ ಸಂತೆಯ ದಿನ. ಹೀಗೆ ದೇವರು, ಹೊಲ, ಸಂತೆ ಮೂರನ್ನೂ ಅನುಸರಿಸಿ ಮಂಗಳವಾರ ಗೊತ್ತಾಯಿತು. ಕುದುರೆ ಗಾಡಿ ಹೋಗಿ ಮೋಟಾರು ಬಂತು, ಹೊಲದಿಂದ ಜನ ಕಾರ್ಖಾನೆಗೂ ಕಚೇರಿಗೂ ಬಂದರು. ಮಂಗಳವಾರ ಮಾತ್ರ ಹಾಗೆಯೇ ಉಳಿಯಿತು. ರೈತನ ಅನುಕೂಲಕ್ಕೆಂದು ಗೊತ್ತುಮಾಡಿದ ದಿನ ಇಂದಿನ ಸಂಬಳಗಾರನಿಗೆ ಅನನುಕೂಲದ ದಿನವಾಗಿದೆ. ಅದನ್ನು ಇಡೀ ದೇಶಕ್ಕೆ ರಜಾದಿನ ಮಾಡಬೇಕೆಂಬ ಮಸೂದೆಗಳು ಅಲ್ಲಿನ ಸಂಸತ್ತಿನಲ್ಲಿ ಮತ್ತೆ ಮತ್ತೆ ಬಂದಿವೆ, ಒಂದೂ ಕಾನೂನಾಗಿಲ್ಲ. ಕೆಲವು ರಾಜ್ಯಗಳು ತಾವೇ ರಜೆ ಕೊಟ್ಟುಕೊಂಡಿವೆ. ವರ್ಜೀನಿಯಾ ರಾಜ್ಯ 2020ರಲ್ಲಿ, ಅಂತರ್ಯುದ್ಧ ಕಾಲದ ಇಬ್ಬರು ದಂಡನಾಯಕರ ಹೆಸರಿನಲ್ಲಿದ್ದ ರಜೆಯನ್ನು ಕೈಬಿಟ್ಟು ಅದರ ಬದಲು ಚುನಾವಣಾ ದಿನವನ್ನು ರಜೆಯಾಗಿಸಿತು.

ಬ್ರಿಟನ್ನಿನಲ್ಲಿ 1935ರಿಂದ ಈಚೆಗೆ ಎಲ್ಲ ಮಹಾಚುನಾವಣೆಗಳೂ ಗುರುವಾರವೇ ನಡೆದಿವೆ. ಅಂದು ರಜೆ ಇಲ್ಲ. ಅದಕ್ಕೆ ಬದಲಾಗಿ ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಕೆಲಸ ಮುಗಿಸಿ ಬಂದು, ಊಟ ಮಾಡಿ, ನಿಧಾನವಾಗಿ ಹೋಗಿ ಮತ ಹಾಕಬಹುದು. ಜರ್ಮನಿ, ಫ್ರಾನ್ಸುಗಳಲ್ಲಿ ಭಾನುವಾರ, ಆಸ್ಟ್ರೇಲಿಯಾದಲ್ಲಿ ಶನಿವಾರ. ಆಸ್ಟ್ರೇಲಿಯಾದಲ್ಲಿ 1924ರಿಂದ ಮತದಾನ ಕಡ್ಡಾಯ. ಸಕಾರಣವಿಲ್ಲದೆ ತಪ್ಪಿಸಿಕೊಂಡರೆ 20 ಡಾಲರ್ ದಂಡ. ಅಲ್ಲಿ ಮತದಾನದ ಪ್ರಮಾಣ ಶೇಕಡ 90ರ ಆಸುಪಾಸಿನಲ್ಲಿರುವುದಕ್ಕೆ ಶನಿವಾರಕ್ಕಿಂತ ಈ ಕಡ್ಡಾಯವೇ ದೊಡ್ಡ ಕಾರಣ.

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ ಒಂದು ದಿನ ಗೊತ್ತುಮಾಡುವುದೇ ಅಸಾಧ್ಯವಾಗಿತ್ತು. 1951ರ ಅಕ್ಟೋಬರ್ 25ರಂದು ಆರಂಭವಾದ ಮತದಾನ ಮುಗಿದದ್ದು 1952ರ ಫೆಬ್ರುವರಿಯಲ್ಲಿ. ಹಿಮಾಚಲ ಪ್ರದೇಶದ ಚಿನಿ ಎಂಬ ಮಲೆನಾಡಿನ ತಹಸೀಲಿನಲ್ಲಿ ಎಲ್ಲರಿಗಿಂತ ಮೊದಲು ಮತದಾನ ನಡೆಯಿತು. ತಡಮಾಡಿದ್ದರೆ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತಿತ್ತು. ಸುಮಾರು 17 ಕೋಟಿ ಮತದಾರರ ಆ ಚುನಾವಣೆಯಲ್ಲಿ ಆಸ್ತಿ ಇಲ್ಲದವನಿಗೂ ಅಕ್ಷರ ಬಾರದವಳಿಗೂ ಮತ ಸಿಕ್ಕಿತು. ‘ದುಡಿಯುವವನಿಗೆ ಬಿಡುವು ಯಾವಾಗ?’ ಎಂಬ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಅಂದು. ಅದಕ್ಕೆ ಕಾನೂನಿನಲ್ಲಿ ಉತ್ತರ ಬರಲು ಮತ್ತೆ 45 ವರ್ಷ ಹಿಡಿಯಿತು.

ಕಾನೂನು ಹೇಳುವುದೇನು?

ಆ ಉತ್ತರ ಬಂದದ್ದು 1996ರಲ್ಲಿ. ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ ಸಮಯ. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ನಮ್ಮ ಬೆಳಗಾವಿ ಕ್ಷೇತ್ರದ ಕಣದಲ್ಲಿದ್ದವರು 456 ಮಂದಿ. ಆಂಧ್ರದ ನಲಗೊಂಡದಲ್ಲಿ 480. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033! ಮತಪತ್ರ ಹಾಳೆಯಾಗಿ ಉಳಿಯದೆ ಪುಸ್ತಕವೇ ಆಗಿತ್ತು. ಚುನಾವಣೆ ಮುಗಿದ ಮೇಲೆ ಸಂಸತ್ತು 1951ರ ಜನಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ತಂದಿತು. ಲೋಕಸಭಾ ಅಭ್ಯರ್ಥಿಯ ಠೇವಣಿ 500 ರೂಪಾಯಿಯಿಂದ 10,000 ರೂಪಾಯಿಗೆ ಏರಿತು. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲದಂತಾಯಿತು. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಮದ್ಯ ಮಾರಾಟಕ್ಕೆ ನಿಷೇಧ ಬಂತು. ಈ ಗದ್ದಲದ ನಡುವೆ ಹೆಚ್ಚು ಸದ್ದಿಲ್ಲದೆ 135-ಬಿ ಎಂಬ ಹೊಸ ಕಲಮೂ ಸೇರಿಕೊಂಡಿತು. ಮದ್ಯದಂಗಡಿ ಮುಚ್ಚುವ ಕಲಮು ಎಲ್ಲರಿಗೂ ಗೊತ್ತು. ಕೂಲಿ ಕೊಟ್ಟು ರಜೆ ಕೊಡಬೇಕೆಂಬ ಕಲಮು ಗೊತ್ತಿರುವವರು ಕಡಿಮೆ.

135-ಬಿ ಕಲಮಿನಲ್ಲಿ ನಾಲ್ಕು ಮಾತುಗಳಿವೆ. ಮೊದಲನೆಯದು, ಯಾವುದೇ ವ್ಯಾಪಾರ, ವ್ಯವಹಾರ, ಕೈಗಾರಿಕೆ ಅಥವಾ ಇನ್ನಾವುದೇ ಸಂಸ್ಥೆಯಲ್ಲಿ ಕೆಲಸ ಮಾಡುವ, ಲೋಕಸಭೆ ಅಥವಾ ವಿಧಾನಸಭಾ ಚುನಾವಣೆಯಲ್ಲಿ ಮತ ಹಾಕುವ ಹಕ್ಕುಳ್ಳ ಪ್ರತಿಯೊಬ್ಬರಿಗೂ ಮತದಾನದ ದಿನ ರಜೆ ಕೊಡಬೇಕು. ಎರಡನೆಯದು, ಆ ರಜೆಗಾಗಿ ಸಂಬಳ ಹಿಡಿಯುವಂತಿಲ್ಲ. ಕೆಲಸ ಮಾಡಿದ ದಿನಕ್ಕಷ್ಟೇ ಕೂಲಿ ಎಂಬ ಕರಾರಿನ ಮೇಲೆ ದುಡಿಯುವವರಿಗೂ ಆ ದಿನದ ಕೂಲಿ ಸಲ್ಲಬೇಕು. ಮೂರನೆಯದು, ಇದನ್ನು ಮೀರಿದ ಮಾಲೀಕನಿಗೆ ದಂಡ. ನಾಲ್ಕನೆಯದು ವಿನಾಯಿತಿ. ಯಾರ ಗೈರುಹಾಜರಿಯಿಂದ ಅಪಾಯ ಅಥವಾ ಭಾರಿ ನಷ್ಟ ಆಗಬಹುದೋ ಅಂಥ ಕೆಲಸದಲ್ಲಿರುವವರಿಗೆ ಈ ನಿಯಮ ಅನ್ವಯಿಸದು. ಆಸ್ಪತ್ರೆಯ ತುರ್ತು ಚಿಕಿತ್ಸೆ, ವಿದ್ಯುತ್ ಸ್ಥಾವರ ಮುಂತಾದವನ್ನು ಇಲ್ಲಿ ನೆನೆಯಬಹುದು.

ಚುನಾವಣಾ ಆಯೋಗ ಇನ್ನೊಂದು ಸ್ಪಷ್ಟನೆಯನ್ನೂ ಕೊಟ್ಟಿದೆ. ಮತದಾರನ ಹೆಸರು ಇರುವುದು ಒಂದು ಕ್ಷೇತ್ರದಲ್ಲಿ, ಅವನು ದುಡಿಯುವುದು ಚುನಾವಣೆ ಇಲ್ಲದ ಇನ್ನೊಂದು ಊರಿನಲ್ಲಿ ಎಂದಾದರೂ ಅವನಿಗೆ ಸಂಬಳ ಸಹಿತ ರಜೆ ಸಲ್ಲಬೇಕು. ದಿನಗೂಲಿಯವರಿಗೂ ಇದೇ ನಿಯಮ.

ಇಷ್ಟು ಒಳ್ಳೆಯ ಕಾನೂನು ನಿಂತಿರುವುದು ಯಾವ ಆಧಾರದ ಮೇಲೆ? ಮೀರಿದ ಮಾಲೀಕನಿಗೆ ಹೆಚ್ಚೆಂದರೆ 500 ರೂಪಾಯಿ ದಂಡ! 1996ರಲ್ಲಿ ಬರೆದ ಆ ಅಂಕಿ ಇಂದಿಗೂ ಹಾಗೆಯೇ ಇದೆ. ಈ ನಡುವೆ ಅಭ್ಯರ್ಥಿಯ ಠೇವಣಿ ಮತ್ತೆ ಏರಿ 25,000 ರೂಪಾಯಿ ಆಯಿತು. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿ ಮಾಡಬಹುದಾದ ವೆಚ್ಚದ ಮಿತಿ 2022ರಲ್ಲಿ 95 ಲಕ್ಷ ರೂಪಾಯಿಗೆ ಮುಟ್ಟಿತು. ಚುನಾವಣೆಗೆ ಸಂಬಂಧಿಸಿದ ಎಲ್ಲ ಬೆಲೆಯೂ ಏರಿದೆ, ಮತದಾರನ ರಜೆ ಕಸಿದುಕೊಳ್ಳುವುದರ ಬೆಲೆಯೊಂದನ್ನು ಬಿಟ್ಟು. ಬೆಂಗಳೂರಿನಲ್ಲಿ ಗಾರೆ ಕೆಲಸದ ಮೇಸ್ತ್ರಿಯ ಒಂದು ದಿನದ ಕೂಲಿ ಈ ದಂಡಕ್ಕಿಂತ ಹೆಚ್ಚು. ಕೂಲಿ ಕೊಟ್ಟು ರಜೆ ಕೊಡುವುದಕ್ಕಿಂತ ದಂಡ ಕಟ್ಟುವುದೇ ಅಗ್ಗ. ಅದೂ ಯಾರಾದರೂ ದೂರು ಕೊಟ್ಟು, ವಿಚಾರಣೆ ನಡೆದು, ತಪ್ಪು ಸಾಬೀತಾದರೆ. ನಾಳೆ ಕೆಲಸ ಬೇಕಾದವನು ಇಂದು ಮಾಲೀಕನ ಮೇಲೆ ದೂರು ಬರೆಯುತ್ತಾನೆಯೇ?

ಬೆಂಗಳೂರಿನ ಒಗಟು

ಇನ್ನು ‘ರಜೆ ಕೊಟ್ಟರೆ ಜನ ಪ್ರವಾಸ ಹೋಗುತ್ತಾರೆ’ ಎಂಬ ದೂರಿಗೆ ಬರೋಣ. ಈ ಮಾತು ಎದ್ದಾಗಲೆಲ್ಲ ಬೆರಳು ತಿರುಗುವುದು ಬೆಂಗಳೂರಿನ ಕಡೆಗೆ.

2018ರ ವಿಧಾನಸಭಾ ಚುನಾವಣೆ ಮೇ 12ರ ಶನಿವಾರ ನಡೆಯಿತು. ವಾರದ ಕೊನೆ, ಜನ ಊರು ಬಿಟ್ಟರು ಎಂದರು. 2019ರ ಲೋಕಸಭಾ ಚುನಾವಣೆ ಏಪ್ರಿಲ್ 18ರ ಗುರುವಾರ. ಹಿಂದಿನ ದಿನ ಮಹಾವೀರ ಜಯಂತಿ, ಮರುದಿನ ಗುಡ್ ಫ್ರೈಡೇ, ಆಮೇಲೆ ಶನಿವಾರ, ಭಾನುವಾರ. ಸಾಲು ರಜೆಯೇ ಮುಳುವಾಯಿತು ಎಂದರು. ಇದನ್ನೆಲ್ಲ ಗಮನಿಸಿದ ಚುನಾವಣಾ ಆಯೋಗ 2023ರ ವಿಧಾನಸಭಾ ಚುನಾವಣೆಗೆ ಮೇ 10ರ ಬುಧವಾರವನ್ನು ಆರಿಸಿತು. ಸೋಮವಾರವೋ ಮಂಗಳವಾರವೋ ಆದರೆ ಒಂದು ದಿನ ರಜೆ ಹಾಕಿ ವಾರದ ಕೊನೆಗೆ ಜೋಡಿಸಿಕೊಳ್ಳಬಹುದು, ಬುಧವಾರವಾದರೆ ಅದು ಕಷ್ಟ ಎಂದು ಅಂದಿನ ಮುಖ್ಯ ಚುನಾವಣಾ ಆಯುಕ್ತ ರಾಜೀವ್ ಕುಮಾರ್ ಅವರೇ ವಿವರಿಸಿದರು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ಸರದಿ ಬಂದದ್ದು ಏಪ್ರಿಲ್ 26ರ ಶುಕ್ರವಾರ.

ಶನಿವಾರ, ಗುರುವಾರ, ಬುಧವಾರ, ಶುಕ್ರವಾರ. ನಾಲ್ಕು ಬಗೆಯ ದಿನಗಳಾದವು. ನಾಲ್ಕೂ ಬಾರಿ ನಗರದ ಮತದಾನ ಶೇಕಡ 55ರ ಆಸುಪಾಸಿನಲ್ಲೇ ನಿಂತಿತು. 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಶೇ 53, ಕೇಂದ್ರ ಮತ್ತು ಉತ್ತರ ಕ್ಷೇತ್ರಗಳಲ್ಲಿ ಶೇ 54. ಅದೇ ದಿನ, ಅದೇ ರಜೆಯಲ್ಲಿ, ನೂರು ಕಿಲೋಮೀಟರ್ ಆಚೆಯ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು! ರಜೆಯೇ ಜನರನ್ನು ಕೆಡಿಸುವುದಾದರೆ ಮಂಡ್ಯವೂ ಕೆಡಬೇಕಿತ್ತು. ರಜೆಯೇ ಜನರನ್ನು ಮತಗಟ್ಟೆಗೆ ತರುವುದಾದರೆ ಬೆಂಗಳೂರೂ ಬರಬೇಕಿತ್ತು. ಎಂದಮೇಲೆ ಗಂಟು ಬೇರೆಲ್ಲೋ ಇದೆ.

ಗಂಟಿನ ಒಂದು ಎಳೆ ಮತದಾರರ ಪಟ್ಟಿಯಲ್ಲಿದೆ. ಮಹಾನಗರದ ಜನ ಬಾಡಿಗೆ ಮನೆ ಬದಲಿಸುತ್ತಲೇ ಇರುತ್ತಾರೆ. ಹಳೆಯ ಬಡಾವಣೆಯಲ್ಲಿ ಹೆಸರು ಉಳಿದಿರುತ್ತದೆ, ಹೊಸ ಬಡಾವಣೆಯಲ್ಲೂ ಸೇರಿರುತ್ತದೆ. ತೀರಿಕೊಂಡವರ ಹೆಸರು ತೆಗೆಸಲು ಮನೆಯವರಿಗೆ ನೆನಪಾಗುವುದಿಲ್ಲ. ಇಲ್ಲದ ಮತದಾರರು ಪಟ್ಟಿಯಲ್ಲಿದ್ದಾಗ, ಇರುವವರೆಲ್ಲ ಬಂದು ಮತ ಹಾಕಿದರೂ ಶೇಕಡಾವಾರು ಲೆಕ್ಕ ಕೆಳಗೇ ಇರುತ್ತದೆ. ಬರೀ ಆ ಲೆಕ್ಕ ನೋಡಿ ನಗರವಾಸಿಯನ್ನು ಸೋಮಾರಿ ಎಂದು ಜರೆಯುವುದು ಪೂರ್ತಿ ನ್ಯಾಯವಲ್ಲ. ಹಾಗೆಂದು ಪ್ರವಾಸಕ್ಕೆ ಹೊರಟವರು ಇಲ್ಲವೇ ಇಲ್ಲ ಎಂದಲ್ಲ. 2023ರಲ್ಲಿ ಇದೇ ಬೆಂಗಳೂರಿನ ಜಯನಗರ ಕ್ಷೇತ್ರದಲ್ಲಿ ಕೊನೆಗೆ ಘೋಷಣೆಯಾದ ಅಂತರ ಬರೀ 16 ಮತ. ಒಂದು ವ್ಯಾನಿನಲ್ಲಿ ಹಿಡಿಸುವಷ್ಟು ಜನ!

ದೋಸೆ ಹುಯ್ದವರು ಯಾರು?

ಗಂಟಿನ ಇನ್ನೊಂದು ಎಳೆಯ ಬಗ್ಗೆ ನಾವು ಮಾತಾಡುವುದು ಕಡಿಮೆ. ಅದು ರಜೆ ಸಿಗದವರ ಎಳೆ.

ಈಚಿನ ಚುನಾವಣೆಗಳಲ್ಲಿ ಬೆಂಗಳೂರಿನ ಕೆಲವು ಹೋಟೆಲುಗಳು ಬೆರಳಿನ ಶಾಯಿ ತೋರಿಸಿದವರಿಗೆ ದೋಸೆ, ಸಿಹಿ, ಕಾಫಿಯನ್ನು ಪುಕ್ಕಟೆ ಕೊಟ್ಟಿವೆ. ಒಳ್ಳೆಯ ಉದ್ದೇಶವೇ. ಆ ಶಾಯಿಯೂ ನಮ್ಮದೇ. 1962ರ ಮಹಾಚುನಾವಣೆಯಿಂದ ಅದನ್ನು ಒದಗಿಸುತ್ತ ಬಂದಿರುವುದು ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ. ಆದರೆ ಸಾಲಿನಲ್ಲಿ ನಿಂತು ದೋಸೆ ತಿನ್ನುವಾಗ ಒಮ್ಮೆ ಅಡುಗೆಮನೆಯತ್ತ ಇಣುಕಿ ನೋಡಬೇಕು. ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುತ್ತಿರುವವನ ಬೆರಳಿನ ಮೇಲೆ ಶಾಯಿ ಇದೆಯೇ? ಅವನ ಮತ ಇರುವುದು ಕುಂದಾಪುರದ ಕಡೆಯೋ, ಹಾಸನದ ಕಡೆಯೋ ಆಗಿರಬಹುದು.

ರಜೆಯ ಸ್ವಭಾವವೇ ಹಾಗೆ. ಕೆಲವರಿಗೆ ರಜೆ ಎಂದರೆ ಇನ್ನು ಕೆಲವರಿಗೆ ದುಪ್ಪಟ್ಟು ಕೆಲಸ. ಕಚೇರಿ ಮುಚ್ಚಿದಾಗ ಹೋಟೆಲು ತುಂಬುತ್ತದೆ, ಮಾಲುಗಳು ತುಂಬುತ್ತವೆ, ಸಿನಿಮಾ ಮಂದಿರ ತುಂಬುತ್ತದೆ. ಅಲ್ಲಿ ದುಡಿಯುವವರಿಗೆ ಅಂದು ತಲೆ ಎತ್ತಲು ಪುರಸೊತ್ತಿಲ್ಲ. ಮನೆಬಾಗಿಲಿಗೆ ಊಟ ತರುವ ಹುಡುಗರಿಗೆ ಅಂದು ಒಂದರ ಹಿಂದೆ ಒಂದು ಕರೆ. ಅವರನ್ನು ಕಂಪನಿಗಳು ನೌಕರರೆಂದು ಕರೆಯುವುದೇ ಇಲ್ಲ, ‘ಪಾಲುದಾರರು’ ಎನ್ನುತ್ತವೆ. ಪಾಲುದಾರನಿಗೆ ರಜೆ ಕೊಡುವವರು ಯಾರು? ಆಟೊ ಓಡಿಸುವವರಿಗೆ, ಬೀದಿ ಬದಿಯಲ್ಲಿ ತರಕಾರಿ ಮಾರುವವರಿಗೆ ಮಾಲೀಕನೇ ಇಲ್ಲ. ಅವರು ರಜೆ ತೆಗೆದುಕೊಂಡರೆ ಆ ದಿನದ ಗಳಿಕೆ ಹೋಯಿತು, ಅಷ್ಟೇ. ಮನೆಗೆಲಸದ ಹೆಂಗಸು ಕಾನೂನು ಹೇಳುವ ‘ಸಂಸ್ಥೆ’ಯಲ್ಲಿ ದುಡಿಯುವವಳೇ ಎಂಬುದು ವಕೀಲರು ವಾದಿಸಬೇಕಾದ ಪ್ರಶ್ನೆ. ಆದರೆ ಅವಳು ಮತ ಹಾಕಿ ತಡವಾಗಿ ಬಂದರೆ ಗೊಣಗಬಾರದು ಎಂದು ತಿಳಿಯಲು ಮನೆಯವರಿಗೆ ವಕೀಲರು ಬೇಕಿಲ್ಲ.

ಎಲ್ಲಕ್ಕಿಂತ ಕಷ್ಟದ ಸ್ಥಿತಿ ಗುಳೆ ಬಂದವರದು. 2024ರ ಚುನಾವಣೆಯನ್ನೇ ತೆಗೆದುಕೊಳ್ಳಿ. ಕರ್ನಾಟಕದ 28 ಕ್ಷೇತ್ರಗಳಲ್ಲಿ 14ಕ್ಕೆ ಏಪ್ರಿಲ್ 26ರಂದು, ಉಳಿದ 14ಕ್ಕೆ ಮೇ 7ರ ಮಂಗಳವಾರ ಮತದಾನ ನಡೆಯಿತು. ಬೆಂಗಳೂರು ಮೊದಲ ಕಂತಿನಲ್ಲಿ, ಕಲಬುರಗಿ, ರಾಯಚೂರು, ವಿಜಯಪುರ, ಕೊಪ್ಪಳಗಳು ಎರಡನೆಯ ಕಂತಿನಲ್ಲಿ. ಬೆಂಗಳೂರಿನ ಹೊರವಲಯದ ಕಟ್ಟಡವೊಂದರಲ್ಲಿ ಗಾರೆ ಕಲಸುತ್ತಿರುವ ಕಲಬುರಗಿ ಜಿಲ್ಲೆಯ ಒಬ್ಬ ಕೂಲಿಕಾರನನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಂಗಳೂರಿಗೆ ರಜೆ ಇದ್ದ ದಿನ ಅವನಿಗೆ ಮತವಿಲ್ಲ. ಅವನಿಗೆ ಮತವಿದ್ದ ದಿನ ಬೆಂಗಳೂರಿಗೆ ರಜೆ ಇಲ್ಲ. ಆಯೋಗದ ಸ್ಪಷ್ಟನೆಯ ಪ್ರಕಾರ ಮೇ 7ರಂದು ಅವನಿಗೆ ಕೂಲಿ ಸಹಿತ ರಜೆ ಸಲ್ಲಬೇಕು. ಈ ವಿಷಯ ಅವನಿಗೂ ಗೊತ್ತಿರುವುದಿಲ್ಲ, ಗುತ್ತಿಗೆದಾರನಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಊರು ಐನೂರು ಕಿಲೋಮೀಟರಿಗೂ ಆಚೆ. ಹಿಂದಿನ ರಾತ್ರಿ ಬಸ್ಸು ಹತ್ತಬೇಕು, ಮತ ಹಾಕಿ ಮತ್ತೆ ರಾತ್ರಿ ಬಸ್ಸು ಹಿಡಿಯಬೇಕು. ಹೆಂಡತಿಯೂ ಜೊತೆಗೆ ದುಡಿಯುವವಳಾದರೆ ಇಬ್ಬರ ಬಸ್ ಚಾರ್ಜು. ಒಂದು ದಿನದ ರಜೆಗೆ ಎರಡು ದಿನದ ಕೂಲಿ ಹೋಗುತ್ತದೆ.

‘ಅವನು ಬೆಂಗಳೂರಿನಲ್ಲೇ ಹೆಸರು ಸೇರಿಸಬಹುದಲ್ಲ?’ ಎಂದು ಕೇಳಬಹುದು. ಸೇರಿಸಬಹುದು. ವಾಸ ಇರುವ ಕಡೆ ಹೆಸರು ಸೇರಿಸುವುದೇ ಕಾನೂನಿನ ದಾರಿ. ಆದರೆ ಎರಡು ಕಡೆ ಹೆಸರು ಇರುವಂತಿಲ್ಲ, ಊರಿನ ಪಟ್ಟಿಯಿಂದ ತೆಗೆಸಬೇಕು. ಊರಿನಲ್ಲಿ ಅವನ ಮನೆ ಇದೆ, ತುಂಡು ಹೊಲ ಇದೆ, ಪಡಿತರ ಚೀಟಿ ಇದೆ, ಪಂಚಾಯಿತಿ ಚುನಾವಣೆಗೆ ನಿಂತ ಅಣ್ಣ ತಮ್ಮಂದಿರಿದ್ದಾರೆ. ಬೆಂಗಳೂರಿನಲ್ಲಿ ಇರುವುದು ತಗಡಿನ ಜೋಪಡಿ, ಕಟ್ಟಡ ಮುಗಿದ ದಿನ ಅದೂ ಇಲ್ಲ. ಊರಿನ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳುವುದು ಅವನ ಪಾಲಿಗೆ ಊರನ್ನೇ ಉಳಿಸಿಕೊಂಡಂತೆ.

ಚುನಾವಣಾ ಆಯೋಗಕ್ಕೂ ಈ ಕಷ್ಟ ತಿಳಿಯದ್ದಲ್ಲ. 2019ರ ಚುನಾವಣೆಯಲ್ಲಿ ಸುಮಾರು 30 ಕೋಟಿ ಮತದಾರರು ಮತ ಹಾಕಲಿಲ್ಲ ಎಂಬುದನ್ನು ನೆನಪಿಸಿ, 2022ರ ಡಿಸೆಂಬರಿನಲ್ಲಿ ಅದು ‘ದೂರ ಮತಯಂತ್ರ’ದ ಮಾದರಿಯೊಂದನ್ನು ಪ್ರಕಟಿಸಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತದಾರರು ಮತ ಹಾಕಬಹುದಾದ ಯಂತ್ರ ಅದು. 2023ರ ಜನವರಿಯಲ್ಲಿ ಪಕ್ಷಗಳ ಮುಂದೆ ಅದನ್ನು ಇಟ್ಟಾಗ ಹಲವು ವಿರೋಧ ಪಕ್ಷಗಳು ಆಕ್ಷೇಪ ಎತ್ತಿದವು. ಗುಳೆ ಹೋದವರು ಯಾರು ಎಂದು ಗುರುತಿಸುವುದು ಹೇಗೆ, ದೂರದ ಊರಿನಲ್ಲಿ ಪಕ್ಷದ ಏಜೆಂಟರು ಕೂರುವುದು ಹೇಗೆ ಎಂಬ ಪ್ರಶ್ನೆಗಳು ಸಣ್ಣವಲ್ಲ. 2024ರ ಚುನಾವಣೆಗೆ ಆ ಯಂತ್ರ ಬರಲಿಲ್ಲ.

ಬೇರೆಡೆ ಏನು ಮಾಡಿದರು?

ರಜೆಯ ಬೆಲೆ ಏನೆಂದು ತಿಳಿಯಲು ಮಲೇಷ್ಯಾದ 2018ರ ಚುನಾವಣೆ ಒಳ್ಳೆಯ ಪಾಠ. ಅಲ್ಲಿನ ಚುನಾವಣಾ ಆಯೋಗ ಮತದಾನಕ್ಕೆ ಮೇ 9ರ ಬುಧವಾರವನ್ನು ಗೊತ್ತುಮಾಡಿತು. ಕೌಲಾಲಂಪುರದಂಥ ನಗರಗಳಲ್ಲಿ ದುಡಿಯುತ್ತ ಊರಿನಲ್ಲಿ ಮತ ಇಟ್ಟುಕೊಂಡಿದ್ದ ಜನ ಸಿಟ್ಟಾದರು. ಆಕ್ಷೇಪ ಎಷ್ಟು ಜೋರಾಯಿತೆಂದರೆ ಮರುದಿನವೇ ಸರ್ಕಾರ ಅಂದು ಸಾರ್ವಜನಿಕ ರಜೆ ಎಂದು ಘೋಷಿಸಿತು. ಜನ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಗುರುತು ಪರಿಚಯ ಇಲ್ಲದವರ ಪ್ರಯಾಣಕ್ಕೆ ಚಂದಾ ಎತ್ತಿದರು, ತಮ್ಮ ಕಾರುಗಳಲ್ಲಿ ಜಾಗ ಕೊಟ್ಟರು. ಶೇಕಡ 82ರಷ್ಟು ಮತದಾನವಾಯಿತು. ಸ್ವಾತಂತ್ರ್ಯ ಬಂದಾಗಿನಿಂದ ಅಧಿಕಾರದಲ್ಲಿದ್ದ ಕೂಟ ಮೊದಲ ಬಾರಿ ಸೋತಿತು. ಗೆದ್ದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ರಜೆಯ ಜೊತೆಗೆ ದಾರಿ ಖರ್ಚೂ ದಾರಿಯ ವ್ಯವಸ್ಥೆಯೂ ಸೇರಿದಾಗಲೇ ಅದು ಮತವಾಯಿತು ಎಂಬುದು ಮುಖ್ಯ.

ದಕ್ಷಿಣ ಕೊರಿಯಾದಲ್ಲಿ ಮತದಾನದ ದಿನ ರಜೆ ಇದ್ದೇ ಇದೆ. ಆದರೂ ಅಂದು ದುಡಿಯಲೇಬೇಕಾದವರು ಇರುತ್ತಾರೆ ಎಂಬುದನ್ನು ಅವರು ಒಪ್ಪಿಕೊಂಡರು. 2014ರ ಸ್ಥಳೀಯ ಚುನಾವಣೆಯಿಂದ ದೇಶದಾದ್ಯಂತ, ಮತದಾನಕ್ಕೆ ಕೆಲವು ದಿನ ಮೊದಲೇ ಎರಡು ದಿನ ಮುಂಗಡವಾಗಿ ಮತ ಹಾಕುವ ಏರ್ಪಾಡು ಮಾಡಿದರು. ತನ್ನ ಕ್ಷೇತ್ರ ಯಾವುದೇ ಇರಲಿ, ಇರುವ ಊರಿನ ಮುಂಗಡ ಮತಗಟ್ಟೆಗೆ ಗುರುತಿನ ಚೀಟಿ ಹಿಡಿದು ಹೋದರೆ ಸಾಕು. ನಮ್ಮ ದೇಶದಷ್ಟು ದೊಡ್ಡ ಕಡೆ ಇದನ್ನು ಹಾಗೆಯೇ ತರುವುದು ಸುಲಭವಲ್ಲ. ಆದರೆ ರಜೆ ಮುಟ್ಟದ ಕಡೆಗೆ ಬೇರೆ ದಾರಿ ಬೇಕು ಎಂಬ ಯೋಚನೆ ಒಪ್ಪತಕ್ಕದ್ದು. ನಮ್ಮಲ್ಲೂ ಆ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳು ಬಿದ್ದಿವೆ. 2024ರಲ್ಲಿ 85 ದಾಟಿದ ವೃದ್ಧರು ಮತ್ತು ಅಂಗವಿಕಲರು ಮನೆಯಲ್ಲೇ ಮತ ಹಾಕಿದರು. ಆಯೋಗ ಗುರುತಿಸಿದ ಅಗತ್ಯ ಸೇವೆಗಳ ನೌಕರರಿಗೆ ಅಂಚೆ ಮತದ ಅವಕಾಶ ಸಿಕ್ಕಿತು.

ಆಗಬೇಕಾದದ್ದು

ಹಾಗಾದರೆ ಮಾಡಬೇಕಾದದ್ದೇನು? ನನಗೆ ಕಾಣುವುದು ದೊಡ್ಡ ಕ್ರಾಂತಿಯ ಮಾತಲ್ಲ. 500 ರೂಪಾಯಿ ದಂಡವನ್ನು ಸಂಸತ್ತು ತಿದ್ದಬೇಕು. ತಲೆಗೆ ಇಷ್ಟು ದಿನದ ಕೂಲಿ ಎಂದು ಲೆಕ್ಕ ಹಾಕಿ, ಅದು ಕೂಲಿ ಕಳೆದುಕೊಂಡವನ ಕೈಗೇ ಸೇರುವಂತಾದರೆ ಕಾನೂನಿಗೆ ಹಲ್ಲು ಬರುತ್ತದೆ. ಲೋಕಸಭೆ, ವಿಧಾನಸಭೆಗಳನ್ನಷ್ಟೇ ಹೆಸರಿಸುವ ಈ ಕಲಮಿನ ಭರವಸೆ, ಸರ್ಕಾರಿ ಆದೇಶವನ್ನು ಕಾಯದೆ, ಪಂಚಾಯಿತಿ, ನಗರಸಭೆಗಳ ಚುನಾವಣೆಗೂ ಸಿಗಬೇಕು. ಮತದಾನದ ಜಾಗೃತಿಗೆಂದು ಜಾಥಾ, ರಂಗೋಲಿ ಸ್ಪರ್ಧೆ, ಮ್ಯಾರಥಾನ್ ನಡೆಯುತ್ತವೆ. ನಡೆಯಲಿ. ಅದರ ಜೊತೆಗೆ ಪ್ರತಿ ಕಟ್ಟಡದ ಗೇಟಿನಲ್ಲಿ, ಪ್ರತಿ ಗಾರ್ಮೆಂಟ್ಸ್ ಕಾರ್ಖಾನೆಯ ಹಾಜರಿ ಕೋಣೆಯಲ್ಲಿ, ಪ್ರತಿ ಹೋಟೆಲಿನ ಅಡುಗೆಮನೆಯಲ್ಲಿ ‘ಮತದಾನದ ದಿನ ನಿಮಗೆ ಕೂಲಿ ಸಹಿತ ರಜೆ ಇದೆ’ ಎಂಬ ಒಂದು ಚೀಟಿ ಅಂಟಿಸಲು ಕಾರ್ಮಿಕ ಇಲಾಖೆಗೆ ಹೆಚ್ಚು ಖರ್ಚೇನೂ ಇಲ್ಲ. ಕನ್ನಡದ ಜೊತೆಗೆ ಕೂಲಿಯವರ ಭಾಷೆಗಳಲ್ಲೂ ಅದು ಇರಲಿ. ಮತದಾನದ ಮುನ್ನಾದಿನ ಊರಿಗೆ ಹೊರಟವರಿಗೆ ಹೆಚ್ಚು ಬಸ್ಸು, ಸಹಜ ದರ ಸಿಗಲಿ.

ಮತ ಹಾಕದವರನ್ನು ದಂಡಿಸಿ, ಕಡ್ಡಾಯ ಮಾಡಿ ಎನ್ನುವವರೂ ಇದ್ದಾರೆ. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಕಡ್ಡಾಯ ಮತದಾನ ಬೇಡ ಎಂದೇ ಹೇಳಿತು. ಆಯೋಗದ ಮಾತು ಹಾಗಿರಲಿ. ಮತದಾರನಿಗೆ ರಜೆ ಕೊಡದ ಮಾಲೀಕನನ್ನು ಐನೂರು ರೂಪಾಯಿಗೆ ಬಿಟ್ಟು, ರಜೆ ಸಿಗದೆ ಮತ ಹಾಕದ ಕೂಲಿಕಾರನಿಗೆ ದಂಡ ಹಾಕುವುದು ಎಲ್ಲಿಯ ನ್ಯಾಯ?

ವಿದ್ಯಾರ್ಥಿ ಸ್ನೇಹಿತರೇ, ನಿಮ್ಮಲ್ಲಿ ಹಲವರು ಇನ್ನೆರಡು ವರ್ಷದಲ್ಲಿ ಕೆಲಸಕ್ಕೆ ಸೇರುತ್ತೀರಿ. ಕೆಲವರು ಅಂಗಡಿ ಇಡುತ್ತೀರಿ, ಕಂಪನಿ ನಡೆಸುತ್ತೀರಿ, ನಾಲ್ಕು ಜನಕ್ಕೆ ಸಂಬಳ ಕೊಡುತ್ತೀರಿ. ಪಟ್ಟಿಗೆ ಹೆಸರು ಸೇರಿಸಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ತಾರೀಖು. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಊರು ಬಿಟ್ಟು ಹಾಸ್ಟೆಲಿನಲ್ಲಿರುವವರು ಮತ ಎಲ್ಲಿ ಬೇಕೆಂದು ಈಗಲೇ ಯೋಚಿಸಿ. ಇದು ನಿಮ್ಮ ಮತದ ಮಾತಾಯಿತು.

ಇನ್ನೊಂದು ಕೆಲಸವಿದೆ. ಮುಂದಿನ ಚುನಾವಣೆ ಘೋಷಣೆಯಾದ ದಿನ ನಿಮ್ಮ ಮನೆಗೆ ಕೆಲಸಕ್ಕೆ ಬರುವವರನ್ನು, ಹಾಸ್ಟೆಲಿನ ಅಡುಗೆಯವರನ್ನು, ಈ ಕಾಲೇಜಿನ ಗೇಟು ಕಾಯುವವರನ್ನು ಒಂದು ಮಾತು ಕೇಳಿ. ‘ನಿಮ್ಮ ಓಟು ಯಾವ ಊರಲ್ಲಿದೆ? ಅವತ್ತು ಹೋಗಲಿಕ್ಕೆ ಆಗುತ್ತದೆಯೇ?’ ಯಾರಿಗೆ ಹಾಕುತ್ತೀರಿ ಎಂದು ಕೇಳಬೇಡಿ. ‘ಆಗುವುದಿಲ್ಲ’ ಎಂಬ ಉತ್ತರ ಬಂದರೆ, ಏಕೆ ಆಗುವುದಿಲ್ಲ ಎಂದು ವಿಚಾರಿಸಿ, ಕೂಲಿ ಕಡಿಯದೆ ರಜೆ ಕೊಡಬೇಕೆಂಬ ಕಾನೂನು ಇದೆ ಎಂದು ಅವರಿಗೂ ಹೇಳಿ, ಅವರ ಮೇಲಿನವರಿಗೂ ಹೇಳಿ.